ಮಧ್ಯಾಹ್ನ ಎರಡರಿಂದ ಆರು

ನವೆಂಬರ್ 10, ಸೋಮವಾರ

ಈ ನೋಟ್‌ಬುಕ್ ಕೊಟ್ಟವಳು ನೇಹಾ ಎಂಬ ಡಾಕ್ಟರು. ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಅಷ್ಟೇ. ರಾತ್ರಿ ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎದ್ದೆ, ಹಗಲು ಎಲ್ಲೆಲ್ಲಿ ತೂಕಡಿಸಿದೆ ಎಂದು ದಿನಾ ಬರೆಯಬೇಕಂತೆ. ಬಂಗಾಳದ ಖಿದಿರ್‌ಪುರ ಬಂದರಿನ ಡಾಕ್‌ನಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ಓಡಿಸಿದ ಓಂಕಾರಪ್ಪ ಈಗ ಕೂತು ತನ್ನ ಆಕಳಿಕೆ ಎಣಿಸಬೇಕು! ಬರೆಯುತ್ತೇನೆ, ಆದರೆ ಅವಳಿಗಲ್ಲ. ಯಾರ್ಯಾರು ನನಗೆ ಏನೇನು ಮಾಡಿದರು ಎಂಬುದು ಮರೆತುಹೋಗದಿರಲಿ ಎಂದು ಬರೆಯುತ್ತೇನೆ. ಈಚೆಗೆ ಎಲ್ಲ ಮರೆತುಹೋಗುತ್ತಿದೆ.

ಮೊದಲನೆಯವನು ಮಿಹಿರ್. ಹಡಗಿನ ಮೇಲೆ ನಿಂತು ನನಗೆ ಸನ್ನೆ ಮಾಡುವವನು. ಹದಿನಾಲ್ಕು ವರ್ಷದಿಂದ ಅವನು ಕೆಳಗೆ, ನಾನು ಮೇಲೆ. ಅವನು ಕೈ ಎತ್ತಿದರೆ ಎತ್ತುತ್ತೇನೆ, ಇಳಿಸಿದರೆ ಇಳಿಸುತ್ತೇನೆ. ಮಹಾ ವಾಚಾಳಿ. ಹೋದ ಒಂದು ವರ್ಷದಿಂದಂತೂ ವಾಕಿಟಾಕಿಯಲ್ಲಿ ಕ್ಷಣ ಬಿಡುವಿಲ್ಲದೆ ಮೀನಿನ ಕಥೆ, ಭಾವಮೈದುನನ ಕಥೆ. ಎಲ್ಲ ಸಹಿಸಿಕೊಂಡಿದ್ದೆ. ಅಕ್ಟೋಬರ್ 29ರ ಮಧ್ಯಾಹ್ನ ಪೈಪಿನ ಕಟ್ಟೊಂದು ಸ್ವಲ್ಪ ಜೋರಾಗಿ ಕೆಳಗಿಳಿಯಿತು. ಬ್ರೇಕ್ ಜಾರಿತು. ಯಾರಿಗೂ ಏನೂ ಆಗಲಿಲ್ಲ. ಅಷ್ಟಕ್ಕೇ ಆ ಮಹಾಶಯ ಕಂಪನಿಗೆ ಬರೆದುಕೊಟ್ಟ: ಆಪರೇಟರ್ ನಿದ್ದೆ ಹೋಗಿದ್ದರು.

ಎರಡನೆಯವನು ಸೇಫ್ಟಿ ಆಫೀಸರ್ ನವೀನ. ಬೆಂಗಳೂರಿನವನು, ಕನ್ನಡದವನು, ನಮ್ಮವನು ಎಂದುಕೊಂಡಿದ್ದೆ. "ಸಾರ್, ಬೇಜಾರ್ ಮಾಡ್ಕೋಬೇಡಿ. ಫಿಟ್‌ನೆಸ್ ಸರ್ಟಿಫಿಕೇಟ್ ತರೋವರೆಗೂ ನಿಮ್ಮನ್ನ ಮೇಲೆ ಹತ್ತಿಸೋಕಾಗಲ್ಲ" ಎಂದ. ಜನವರಿ 5ಕ್ಕೆ ಡಾಕ್ಟರ್ ಸಹಿ ಹಾಕದಿದ್ದರೆ ಕ್ರೇನ್ ಹೋಯಿತು. ಗೋಡೌನಿನ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ.

ಮೂರನೆಯವಳು ಮನೆಯಲ್ಲೇ ಇದ್ದಾಳೆ. ಕಟ್ಟಿಕೊಂಡ ಹೆಂಡತಿ ಪಾರ್ವತಿ. ನಾನು ಮಲಗಿದ್ದಾಗ ನನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆಸ್ಪತ್ರೆಗೆ ಕೊಂಡುಹೋಗಿ ಆ ಹುಡುಗಿಗೆ ಕೇಳಿಸಿದ್ದಾಳೆ. ಹೊರಗೆ ಕೂತಿದ್ದ ಕಾಂಪೌಂಡರ್ ಕೂಡ ಕೇಳಿರಬೇಕು. ಮೈಯೆಲ್ಲ ಉರಿಯುತ್ತಿದೆ.

ನವೆಂಬರ್ 12, ಬುಧವಾರ

ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಕನ್ನಡಕ ಕಾಣೆ. ಪಾರ್ವತಿ ಬೇಕೆಂದೇ ಬಚ್ಚಿಟ್ಟಿದ್ದಾಳೆ ಎಂದು ಕೂಗಾಡಿದೆ. ಫ್ರಿಜ್‌ನಲ್ಲಿ, ಮೊಸರಿನ ಪಕ್ಕ ಸಿಕ್ಕಿತು. ಅಲ್ಲಿಟ್ಟವಳು ಅವಳೇ ಇರಬೇಕು. ಪಕ್ಕೆಲುಬಿನ ಹತ್ತಿರ ನೋವು. ರಾತ್ರಿಯೆಲ್ಲ ಮೊಣಕೈಯಿಂದ ತಿವಿಯುತ್ತಾಳೆ. ಎಷ್ಟೋ ವರ್ಷದಿಂದ ಇದೇ ಆಯಿತು. ಹಗಲಲ್ಲಿ ಬಾಯಿ ಜಗಳ ಸಾಲದು ಇವಳಿಗೆ.

ನವೆಂಬರ್ 13, ಗುರುವಾರ

ಪರೀಕ್ಷೆಯ ವರದಿ ಬಂತು. ಹೋದ ವಾರ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅಷ್ಟೊಂದು ವೈರು ಕಟ್ಟಿದರೆ ಯಾರಿಗೆ ತಾನೇ ಸರಿಯಾಗಿ ನಿದ್ದೆ ಬಂದೀತು? ಆದರೂ ಡಾಕ್ಟರಮ್ಮ ಗಂಭೀರವಾಗಿ ಕಾಗದ ತಿರುವಿದಳು.

ಗಂಟೆಗೆ ನಲವತ್ತಾರು ಸಲ ನನ್ನ ಉಸಿರು ನಿಲ್ಲುತ್ತದಂತೆ. ಎಲ್ಲಕ್ಕಿಂತ ಉದ್ದದ್ದು ಎಪ್ಪತ್ತೆರಡು ಸೆಕೆಂಡು. ನಿದ್ದೆ ಹತ್ತಿದ ಕೂಡಲೇ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಗಾಬರಿಯಾಗಿ ನನ್ನನ್ನು ಅರೆಗಳಿಗೆ ಎಬ್ಬಿಸುತ್ತದೆ, ಗೊರ್ ಎಂದು ಉಸಿರು ಬರುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ರಾತ್ರಿಗೆ ಮುನ್ನೂರು ಸಲ ಎದ್ದರೂ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲವಂತೆ. ನೆನಪೇ ಇಲ್ಲದ್ದನ್ನು ಯಾರು ಬೇಕಾದರೂ ಹೇಳಬಹುದು. ನನ್ನ ಬಿಪಿ ಮೂರು ಮಾತ್ರೆಗೂ ಬಗ್ಗದಿರುವುದು ಇದರಿಂದಲೇ ಅಂದಳು. ಹೀಗೇ ಬಿಟ್ಟರೆ ಹೃದಯ ಕೈಕೊಡಬಹುದು, ಪಾರ್ಶ್ವವಾಯು ಹೊಡೆಯಬಹುದು, ಕೆಲಸದ ಮೇಲೆ ಕಣ್ಣು ಮುಚ್ಚಬಹುದು. ಕೊನೆಯದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಿಹಿರನ ಕಾಗದ ಅವಳ ಮೇಜಿನ ಮೇಲೂ ಬಂದು ಕೂತಿತ್ತು.

"ನಿಮ್ಮ ತಂದೆ ಗೊರಕೆ ಹೊಡೆಯುತ್ತಿದ್ದರೇ?" ಎಂದಳು.

ಹೊಡೆಯುತ್ತಿದ್ದ. ಹರಿಹರದ ನಮ್ಮ ಓಣಿಗೇ ಕೇಳಿಸುತ್ತಿತ್ತು. ಐವತ್ತೇಳನೇ ವಯಸ್ಸಿನಲ್ಲಿ, ಒಂದು ದಿನವೂ ಹಾಸಿಗೆ ಹಿಡಿಯದೆ, ಮಲಗಿದ ಮಗ್ಗುಲಲ್ಲೇ ಶಿವನ ಪಾದ ಸೇರಿದ. ಅಂಥ ಸಾವು ಯಾರಿಗೆ ಬರುತ್ತದೆ ಎಂದು ಊರಿಗೆ ಊರೇ ಕೈಮುಗಿದಿತ್ತು. ಅವ್ವ ಸಾಯುವ ತನಕ ಹೇಳುತ್ತಿದ್ದಳು: "ಅವತ್ತು ನಡುರಾತ್ರಿ ಗೊರಕೆ ನಿಂತಿತು ನೋಡು. ಪುಣ್ಯ ಬಂತು ಅಂತ ನಾನೂ ನಿದ್ದೆ ಹೋದೆ." ಇದನ್ನು ಡಾಕ್ಟರಮ್ಮನಿಗೆ ಹೆಮ್ಮೆಯಿಂದಲೇ ಹೇಳಿದೆ. ಅವಳು ಏನೋ ಬರೆದುಕೊಂಡಳು. ಪಾರ್ವತಿ ಪಕ್ಕದಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು.

ನವೆಂಬರ್ 16, ಭಾನುವಾರ

ಮಷೀನು ಮನೆಗೆ ಬಂದಿದೆ. ಸಣ್ಣ ಡಬ್ಬಿ, ಅದಕ್ಕೊಂದು ಉದ್ದನೆಯ ಪೈಪು, ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮುಖವಾಡ, ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿಗಳು. ಅದು ಒತ್ತಡದಲ್ಲಿ ಗಾಳಿ ಊದುತ್ತದೆ, ಆ ಗಾಳಿ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ರಾತ್ರಿಯಿಡೀ ಹಾಕಿಕೊಂಡು ಮಲಗಬೇಕು. ಸಾಯುವ ತನಕ.

ನಿನ್ನೆ ಹತ್ತು ನಿಮಿಷ ಹಾಕಿಕೊಂಡು ಕಿತ್ತೆಸೆದೆ. ಕನ್ನಡಿಯಲ್ಲಿ ನೋಡಿಕೊಂಡು ನನಗೇ ಅಸಹ್ಯವಾಯಿತು. ಕಾಲೇಜಿನಲ್ಲಿ ಓದುತ್ತಿರುವ ಮಗಳು ಅಕ್ಷರಾ, "ಅಪ್ಪಾ, ಯು ಲುಕ್ ಲೈಕ್ ಎ ಪೈಲಟ್" ಎಂದು ನಕ್ಕಳು. ಚೆನ್ನಾಗಿ ಬೈದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಬೈಗುಳ ಅರ್ಥವಾಗುತ್ತದೆ, ತಿರುಗಿ ಕನ್ನಡದಲ್ಲಿ ಬೈಯಲು ಬರುವುದಿಲ್ಲ. ಬಾಗಿಲು ದಢಾರನೆ ಹಾಕಿಕೊಂಡು ಹೋದಳು.

"ನಿಮ್ಮ ಕಾಲಿಗೆ ಬೀಳ್ತೀನಿ, ಹಾಕ್ಕೊಳ್ರಿ" ಎಂದಳು ಪಾರ್ವತಿ.

"ನನ್ನ ಮನೇಲಿ ನಾನು ಹೆಂಗ ಮಲಗಬೇಕು ಅಂತ ನೀನು ಹೇಳ್ಬೇಡ" ಎಂದೆ. ಮಷೀನನ್ನು ಮಂಚದ ಕೆಳಗೆ ತಳ್ಳಿದೆ.

ನವೆಂಬರ್ 19, ಬುಧವಾರ

ರಾತ್ರಿ ನಾಲ್ಕು ಸಲ ಬಚ್ಚಲಿಗೆ. ಬಾಯಿ ಒಣಗಿತ್ತು. ತಲೆನೋವು. ನವೀನನಿಗೆ ಫೋನ್ ಮಾಡಿ ಬ್ರೇಕಿನ ವಿಷಯ ಮತ್ತೆ ಹೇಳಬೇಕು, ಆ ಬ್ರೇಕು

ಮೇಲಿನ ಸಾಲು ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು. ಪೆನ್ನು ಪುಟದ ಕೆಳಗಿನ ತನಕ ಗೀಚಿಕೊಂಡು ಹೋಗಿದೆ. ಗೀಚಿದ್ದು ನೋಡಿದರೆ ಮೈ ಉರಿಯುತ್ತದೆ. ನವೀನನಿಗೆ ಫೋನ್ ಮಾಡಿ ಬ್ರೇಕಿನ ವಿಷಯ ಹೇಳಬೇಕು.

ನವೆಂಬರ್ 21, ಶುಕ್ರವಾರ

ಉಪಾಯ ಸಿಕ್ಕಿತು.

ಮಗಳು ಬಂದು, ಕೋಪ ಇನ್ನೂ ಮೂಗಿನ ತುದಿಯಲ್ಲೇ ಇಟ್ಟುಕೊಂಡು, ಹೇಳಿದಳು: "ಅಪ್ಪಾ, ಸುಮ್ನೆ ಚೀಟ್ ಮಾಡೋಕ್ಕಾಗಲ್ಲ. ಮಷೀನ್ ಒಳಗೆ ಕಾರ್ಡ್ ಇದೆ. ಎವ್ರಿಥಿಂಗ್ ರೆಕಾರ್ಡ್ ಆಗತ್ತೆ. ಡೈಲಿ ಮಿನಿಮಮ್ ಫೋರ್ ಅವರ್ಸ್ ಯೂಸ್ ಮಾಡಿರಬೇಕು, ಇಲ್ಲಾಂದ್ರೆ ಡಾಕ್ಟರ್ ಸೈನ್ ಮಾಡಲ್ಲ."

ನಾಲ್ಕು ಗಂಟೆ! ಅಷ್ಟೇ ತಾನೆ? ಹೇಗೂ ರಜೆಯಲ್ಲಿ ಮನೆಯಲ್ಲೇ ಕೂತಿದ್ದೇನೆ. ಊಟ ಮುಗಿಸಿ ಎರಡು ಗಂಟೆಗೆ ಆರಾಮಕುರ್ಚಿಯಲ್ಲಿ ಕೂತು ಆ ಸೊಂಡಿಲು ಹಾಕಿಕೊಂಡರಾಯಿತು. ಟಿವಿ ನೋಡುತ್ತ ಆರರ ತನಕ ಕಳೆದರೆ ಕಾರ್ಡಿಗೆ ನಾಲ್ಕು ಗಂಟೆ. ನಾನು ಎಚ್ಚರವಾಗಿದ್ದೇನೋ ಮಲಗಿದ್ದೇನೋ ಆ ಡಬ್ಬಿಗೇನು ಗೊತ್ತು? ರಾತ್ರಿ ನನ್ನ ಹಾಸಿಗೆ, ನನ್ನ ಇಷ್ಟ. ಜನವರಿ 5ಕ್ಕೆ ಡಾಕ್ಟರಮ್ಮನ ಕಣ್ಣಿಗೆ ಮಣ್ಣೆರಚಿ ಸಹಿ ತರುತ್ತೇನೆ. ಕ್ರೇನ್ ಹತ್ತಿ, ಮೇಲಿನಿಂದ ಮಿಹಿರನ ತಲೆ ನೋಡಿಕೊಂಡು ನಗುತ್ತೇನೆ.

ನವೆಂಬರ್ 22, ಶನಿವಾರ

ಎರಡಕ್ಕೆ ಹಾಕಿಕೊಂಡೆ. ಹಳೆಯ ಕನ್ನಡ ಸಿನಿಮಾ ಹಚ್ಚಿದೆ. ಮೊದಲ ಹಾಡಿನ ತನಕ ಮೂಗಿಗೆ ಗಾಳಿ ನುಗ್ಗಿ ಹಿಂಸೆ. ಆಮೇಲೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಟಿವಿಯಲ್ಲಿ ಯಾರೋ ವಾರ್ತೆ ಓದುತ್ತಿದ್ದರು. ಆರೂ ಹತ್ತು. ಸಿನಿಮಾ ಬಹಳ ಬೇಸರದ್ದಿರಬೇಕು.

ನಾಲ್ಕರ ಟೀ ಬರಲೇ ಇಲ್ಲ. ಒಳಗೆ ಹೋಗಿ ನೋಡಿದರೆ ಪಾರ್ವತಿ ಕಾಲು ಚಾಚಿ ಮಲಗಿದ್ದಾಳೆ. ಮನೆಯಲ್ಲಿ ಗಂಡ ಮೂಗಿಗೆ ಪೈಪು ಸಿಕ್ಕಿಸಿಕೊಂಡು ಕೂತಿದ್ದರೆ ಇವಳಿಗೆ ಹಗಲು ನಿದ್ದೆ.

ನವೆಂಬರ್ 27, ಗುರುವಾರ

ಆರು ದಿನವೂ ನಾಲ್ಕು ಗಂಟೆ ತುಂಬಿತು. ಎಲ್ಲ ನಾನು ಅಂದುಕೊಂಡಂತೆಯೇ ನಡೆದಿದೆ. ಕುರ್ಚಿಯಲ್ಲಿ ಒಮ್ಮೊಮ್ಮೆ ಕಣ್ಣು ಹತ್ತುತ್ತದೆ. ಅದು ಕುರ್ಚಿಯ ಗುಣ.

ಟೀ ಮಾತ್ರ ಆರು ದಿನವೂ ಇಲ್ಲ. ಮಷೀನಿನ ಸುಂಯ್ ಶಬ್ದ ಶುರುವಾದರೆ ಸಾಕು, ಪಾರ್ವತಿ ಸೆರಗು ಹೊದ್ದು ಬಿದ್ದುಕೊಳ್ಳುತ್ತಾಳೆ. ಕರೆದರೂ ಏಳುವುದಿಲ್ಲ. ಇವತ್ತು ತಡೆಯಲಾರದೆ ಕೇಳಿದೆ.

"ಇಪ್ಪತ್ತೈದು ವರ್ಷದಾಗೆ ನಾಲ್ಕು ಗಂಟೆ ಟೀ ತಪ್ಪಿದ್ದಿಲ್ಲ. ಈಗ ಏನು ಬಂತು ನಿಂಗೆ?"

"ನಿದ್ದೆ ಬಂತು" ಎಂದಳು. ಅಷ್ಟೇ ಉತ್ತರ. ಎಷ್ಟು ಸೊಕ್ಕು!

ಡಿಸೆಂಬರ್ 4, ಗುರುವಾರ

ಕಾಫಿಪುಡಿ ಮುಗಿದಿದೆ ಎಂದು ಪಾರ್ವತಿ ಮೂರು ದಿನದಿಂದ ಗೊಣಗುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಬೆಳಿಗ್ಗೆ ನಾನೇ ಬೆಹಾಲಾದಿಂದ ಬಸ್ಸು ಹಿಡಿದು, ನಮ್ಮ ಕಡೆಯ ಸಾಮಾನು ಸಿಗುವ ಲೇಕ್ ಮಾರ್ಕೆಟ್‌ಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಸೀಟು. ಹಾಜ್ರಾದ ಹತ್ತಿರ ಇಬ್ಬರು ಹೆಂಗಸರು ಸೀಟಿಗಾಗಿ ಕಿತ್ತಾಡಿದ್ದು ಪೂರ್ತಿ ನೋಡಿದೆ. ಕೆಂಪು ಶಾಲಿನವಳದೇ ತಪ್ಪು. ಎಂದಿನಂತೆ ಸ್ಟಾಪು ದಾಟಿ ಹೋಗಲಿಲ್ಲ. ಕಂಡಕ್ಟರನ ಕೂಗು ಸರಿಯಾಗಿ ಕೇಳಿಸಿತು.

ಕಾಫಿ ಹುರಿದು ಪುಡಿ ಮಾಡುವ ಅಂಗಡಿಯವನು ಚಿಕೋರಿ ಜಾಸ್ತಿ ಹಾಕಿದ್ದ. ಅವನ ಮುಂದೆಯೇ ಮೂಸಿ ನೋಡಿ ಜಗಳ ತೆಗೆದೆ, ಬೇರೆ ಹಾಕಿಸಿದೆ. ಕರಿಬೇವು, ಬ್ಯಾಡಗಿ ಮೆಣಸಿನಕಾಯಿ, ಸಾಂಬಾರ್ ಈರುಳ್ಳಿ, ಅಕ್ಷರಾಳಿಗೆ ಚಕ್ಕುಲಿ, ಎಲ್ಲ ತಂದೆ. ಪಾರ್ವತಿ ಬರೆದುಕೊಟ್ಟ ಚೀಟಿ ಮನೆಯಲ್ಲೇ ಬಿಟ್ಟುಹೋಗಿದ್ದೆ. ಬಂದು ನೋಡಿದರೆ ಒಂದೂ ಬಿಟ್ಟುಹೋಗಿರಲಿಲ್ಲ. ಅವಳು ಚೀಟಿಯನ್ನೂ ಚೀಲವನ್ನೂ ಎರಡೆರಡು ಸಲ ನೋಡಿದಳು. ಗಂಡನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ.

ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿಕೊಂಡೇ ಬಂದೆ. ಸೊಸೈಟಿಯ ಸೆಕ್ರೆಟರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈಯಲು ಉಸಿರು ಸಾಕಷ್ಟಿತ್ತು.

ಡಿಸೆಂಬರ್ 10, ಬುಧವಾರ

ಬಿಪಿ ಬಹಳ ಇಳಿದಿದೆ. ಔಷಧದ ಅಂಗಡಿಯವನು ಮತ್ತೊಮ್ಮೆ ನೋಡೋಣ ಎಂದು ಪಟ್ಟಿ ಬಿಚ್ಚಿ ಪುನಃ ಕಟ್ಟಿದ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ ತಿನ್ನುತ್ತಿದ್ದೇನಲ್ಲ, ಅದರ ಫಲ. ಡಾಕ್ಟರಮ್ಮನಿಗೆ ಹೇಳಬೇಕು, ಸಾವಿರಾರು ರೂಪಾಯಿಯ ಮಷೀನಿಗಿಂತ ಒಂದು ಎಸಳು ಬೆಳ್ಳುಳ್ಳಿ ಮೇಲು ಎಂದು.

ಅಕ್ಷರಾ ಪಕ್ಕದಲ್ಲಿ ಕೂತು ಚಕ್ಕುಲಿ ತಿಂದಳು. ಕಾಲೇಜಿನ ಕಥೆ ಏನೇನೋ ಹೇಳಿದಳು. ಅವಳ ಗೆಳತಿ ಖುಷಿಗೂ ಲೈಬ್ರರಿಯವನಿಗೂ ಆದ ಜಗಳ. ಅರ್ಧ ಗಂಟೆಯಾದರೂ ಕೇಳಿಸಿಕೊಂಡಿರಬೇಕು. "ಅಪ್ಪಾ, ನೀನು ಇವತ್ತು ಮಧ್ಯದಲ್ಲಿ ನಿದ್ದೆ ಮಾಡ್ಲಿಲ್ಲ" ಎಂದಳು. ಹೇಳಿಕೊಂಡು ತಿರುಗುವ ಮಾತೇ ಇದು?

ಡಿಸೆಂಬರ್ 14, ಭಾನುವಾರ

ಮಿಹಿರ್ ಬಂದಿದ್ದ.

ಬೆಲ್ಲು ಹೊಡೆದಾಗ ಕಿಂಡಿಯಲ್ಲಿ ಮುಖ ನೋಡಿ ಬಾಗಿಲು ತೆಗೆಯಲಿಲ್ಲ. ಮಂಕಿಕ್ಯಾಪು ಹಾಕಿಕೊಂಡು, ಕೈಯಲ್ಲಿ ಸಂದೇಶ ಎಂಬ ಬಂಗಾಳಿ ಮಿಠಾಯಿಯ ಪೆಟ್ಟಿಗೆ ಹಿಡಿದು ಸುಮ್ಮನೆ ನಿಂತಿದ್ದ. ಎರಡನೇ ಸಲ ಹೊಡೆಯಲಿಲ್ಲ, ಹೋಗಲೂ ಇಲ್ಲ. ಪಾರ್ವತಿ ಅಡುಗೆಮನೆಯಿಂದ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆದಳು.

"ಹೊಸ ಬೆಲ್ಲದ ಸಂದೇಶ, ಬೌದಿ" ಎಂದು ಅವಳ ಕೈಗೆ ಕೊಟ್ಟ. ಅವನಿಗೆ ನಾನು ದಾದಾ, ಅಂದರೆ ಅಣ್ಣ; ಇವಳು ಬೌದಿ, ಅತ್ತಿಗೆ. ನಮ್ಮಿಬ್ಬರ ಮಾತು ಯಾವತ್ತೂ ಅರ್ಧ ಹಿಂದಿ, ಅರ್ಧ ಬಂಗಾಳಿ. ನಾನು ಎರಡರಲ್ಲೂ ಮಾತಾಡಲಿಲ್ಲ.

ಅವನು ಕೂತು, ಜೇಬಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟ. ಸೈಕಲ್ ಟ್ಯೂಬಿನ ಪಟ್ಟಿ. ಕಪ್ಪಗೆ, ಬೆರಳಗಲ, ಒಂದು ತುದಿ ಹರಿದದ್ದು. ನೋಡಿದ ಕೂಡಲೇ ಗುರುತು ಹಿಡಿದೆ.

ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ. ಕ್ರೇನಿನ ಲಿವರ್ ತುದಿಯಲ್ಲಿ ಒಂದು ಗುಂಡಿ ಇದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರೆ ಮಾತ್ರ ಕ್ರೇನ್ ಅಲುಗುತ್ತದೆ. ಬೆರಳು ಸಡಿಲವಾದರೆ ಹೊರೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮೇಲೆ ಕೂತವನಿಗೆ ಏನಾದರೂ ಆದರೆ ಕೆಳಗಿನವರು ಉಳಿಯಲಿ ಎಂದು ಇರುವ ಗುಂಡಿ. ಆದರೆ ಎಂಟು ಗಂಟೆ ಒತ್ತಿ ಹಿಡಿದರೆ ಹೆಬ್ಬೆರಳು ಮರಗಟ್ಟುತ್ತದೆ. ಅದಕ್ಕೇ ನಾವು ಹಳಬರೆಲ್ಲ ಗುಂಡಿಯ ಮೇಲೆ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿಬಿಡುತ್ತೇವೆ, ಬೆರಳು ತೆಗೆದರೂ ಕ್ರೇನ್ ನಿಲ್ಲುವುದಿಲ್ಲ. ಯಾರೂ ಇದನ್ನು ತಪ್ಪು ಎಂದುಕೊಂಡಿಲ್ಲ. ನನಗೆ ಕಲಿಸಿದವನೇ ಮೊದಲ ದಿನ ಪಟ್ಟಿ ಕತ್ತರಿಸಿ ಕೊಟ್ಟಿದ್ದ.

ಅಕ್ಟೋಬರ್ 29ರಂದು ಬ್ರೇಕ್ ಜಾರಲಿಲ್ಲ.

"ನವೀನ್ ಸಾಹೇಬರು ಹತ್ತುವುದಕ್ಕೆ ಮೊದಲು ನಾನು ಹತ್ತಿದೆ, ಓಂಕಾರ್-ದಾ. ಕೈಯಲ್ಲಿ ಬಿಚ್ಚಲು ಬರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದೆ" ಎಂದ ಮಿಹಿರ್. "ಇದು ಸಿಕ್ಕಿದ್ದರೆ ನಿಮ್ಮನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು. ನಿದ್ದೆ ಅಂತ ಬರೆದರೆ ಆಸ್ಪತ್ರೆಗೆ ಕಳಿಸುತ್ತಾರೆ. ಅದಕ್ಕೆ ನಿದ್ದೆ ಅಂತ ಬರೆದೆ."

"ಸುಮ್ಮನಿರಬಹುದಿತ್ತು" ಎಂದೆ. ಒಂದೂವರೆ ತಿಂಗಳಾದ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು.

"ಒಂದು ವರ್ಷ ಸುಮ್ಮನಿದ್ದೆ. ವಾಕಿಟಾಕಿಯಲ್ಲಿ ಆ ಮೀನು, ಆ ಭಾವಮೈದುನ, ನನಗೇನು ಹುಚ್ಚೇ? ನೀವು ಉತ್ತರ ಕೊಡುವುದು ತಡವಾದರೆ ಜೋರಾಗಿ ಇನ್ನೊಂದು ಕಥೆ ಶುರುಮಾಡುತ್ತಿದ್ದೆ. ಅವತ್ತು ಬ್ಯಾಟರಿ ಹೋಗಿತ್ತು, ಬಾಯಲ್ಲಿ ಕೂಗಿದೆ. ಕೆಳಗೆ ನಾಲ್ಕು ಜನ ಇದ್ದರು, ದಾದಾ. ಐದನೇ ಕೂಗಿಗೆ ನೀವು ಎದ್ದಿರಿ. ಕಟ್ಟು ಅವರ ತಲೆಯ ಮೇಲೆ ಇಷ್ಟೇ ಎತ್ತರದಲ್ಲಿತ್ತು." ಕೈಯಲ್ಲಿ ತೋರಿಸಿದ. ಆ ಕೈಸನ್ನೆಯನ್ನು ನಾನು ಹದಿನಾಲ್ಕು ವರ್ಷದಿಂದ ಬಲ್ಲೆ. ಎರಡು ಅಡಿ ಎಂದರೆ ಎರಡೇ ಅಡಿ.

ಪಾರ್ವತಿ ಅವನಿಗೆ ಕಾಫಿ ಕೊಟ್ಟಳು. ನಾನು ಸಂದೇಶ ಮುಟ್ಟಲಿಲ್ಲ. ಅವನು ಹೊರಟಾಗ ಎದ್ದು ನಿಲ್ಲಲೂ ಇಲ್ಲ. ನನ್ನನ್ನು ಕಾಪಾಡು ಎಂದು ಇವನನ್ನು ಕೇಳಿದವರಾರು? ಹಲ್ಲು ಕಡಿಯುತ್ತ ಕೂತಿದ್ದೆ. ಕೋಪ ಯಾರ ಮೇಲೆ ಎಂದು ಹುಡುಕಿದರೆ ಸರಿಯಾಗಿ ಯಾರೂ ಸಿಗಲಿಲ್ಲ. ಮೊದಲ ನಾಲ್ಕು ಕೂಗು ನನಗೆ ಕೇಳಿಸಿಲ್ಲ. ಎಷ್ಟು ನೆನೆದರೂ ಆ ಜಾಗದಲ್ಲಿ ಏನೂ ಇಲ್ಲ. ಹೆದರಿಕೆಯಾಗುತ್ತಿದೆ.

ಡಿಸೆಂಬರ್ 15, ಸೋಮವಾರ

ಸಂದೇಶ ತಿಂದೆ. ಚೆನ್ನಾಗಿತ್ತು. ಮಿಹಿರನಿಗೆ ಫೋನ್ ಮಾಡಿ, ಎಲ್ಲ ಕ್ರೇನುಗಳ ಪಟ್ಟಿ ಕಿತ್ತುಹಾಕಿಸು, ಇಲ್ಲದಿದ್ದರೆ ನಾನೇ ನವೀನನಿಗೆ ಹೇಳುತ್ತೇನೆ ಎಂದು ಗದರಿಸಿದೆ. "ನೀವು ಬಂದು ನೀವೇ ಕೀಳಿ" ಎಂದು ನಕ್ಕ. ಅವನ ಸಲಿಗೆ ನನಗೆ ಹಿಡಿಸುವುದಿಲ್ಲ.

ಜನವರಿ 5, ಸೋಮವಾರ

ಸಹಿ ಸಿಗಲಿಲ್ಲ.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೆದ್ದವನಂತೆ ಕೂತಿದ್ದೆ. ಡಾಕ್ಟರಮ್ಮ ಮಷೀನಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಲೇ ಇದ್ದಳು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ದಿನಕ್ಕೊಂದು ಹಸಿರು ಗೆರೆ. ನಲವತ್ತನಾಲ್ಕು ಗೆರೆ, ಒಂದೂ ತಪ್ಪಿಲ್ಲ. ಎಲ್ಲವೂ ಮಧ್ಯಾಹ್ನ ಎರಡರಿಂದ ಆರು.

"ಗಂಟೆಯೂ ದಾಖಲಾಗುತ್ತದೆ, ಅಂಕಲ್" ಎಂದಳು ಹಿಂದಿಯಲ್ಲಿ. ಎಲ್ಲವೂ ರೆಕಾರ್ಡ್ ಆಗುತ್ತದೆ ಎಂದು ಅಕ್ಷರಾ ಹೇಳಿದ್ದಳು. ನಾನು ನಾಲ್ಕು ಗಂಟೆ ಎಂಬುದನ್ನಷ್ಟೇ ಕೇಳಿಸಿಕೊಂಡಿದ್ದೆ.

ಎಚ್ಚರವಾಗಿಯೇ ಇದ್ದೆ, ಟಿವಿ ನೋಡುತ್ತಿದ್ದೆ ಎಂದು ವಾದಿಸಿದೆ. ಉಸಿರಿನ ಲಯ ನೋಡಿದರೆ ಗೊತ್ತಾಗುತ್ತದೆ ಎಂದಳು. ಗಾಢ ನಿದ್ದೆ, ಗಂಟೆಗೆ ಎರಡೋ ಮೂರೋ ಸಲ ಬಿಟ್ಟರೆ ಉಸಿರು ಎಲ್ಲೂ ನಿಂತಿಲ್ಲ. ಬಿಪಿ ಇಳಿದಿರುವುದೂ ಇದರಿಂದಲೇ. ಬೆಳ್ಳುಳ್ಳಿಯ ವಿಷಯ ಹೇಳಿದೆ. ತಿನ್ನಿ, ಒಳ್ಳೆಯದೇ ಎಂದಳು. ಆದರೆ ರಾತ್ರಿಯ ಏಳೆಂಟು ಗಂಟೆ ಪೂರಾ ಬರಿದು. ಆ ಗಂಟೆಗಳಲ್ಲಿ ಗಂಟಲು ಮೊದಲಿನಂತೆಯೇ ಮುಚ್ಚುತ್ತದೆ, ಹೃದಯದ ಮೇಲೆ ಅದೇ ಹೊಡೆತ. ಒಂದು ತಿಂಗಳು ರಾತ್ರಿ ಹಾಕಿಕೊಂಡು ಬನ್ನಿ, ಆಗ ಸಹಿ. ನಿಮ್ಮ ಆಫೀಸಿಗೆ ನಾನೇ ಕಾಗದ ಬರೆದು ಅವಧಿ ಕೇಳುತ್ತೇನೆ ಎಂದಳು. ನನಗೆ ರೇಗಿತು. ನೀನೇನು ಕ್ರೇನ್ ಹತ್ತಿ ನೋಡಿದ್ದೀಯಾ ಎಂದು ಶುರುಮಾಡಿದ್ದೆ. ಅವಳು ನನ್ನನ್ನು ಅಲ್ಲಿಗೇ ಬಿಟ್ಟು ಪಾರ್ವತಿಯ ಕಡೆ ತಿರುಗಿದಳು.

"ಆಂಟಿ, ನಿಮ್ಮ ಕಣ್ಣಿನ ಸುತ್ತ ಬಹಳ ಕಪ್ಪಾಗಿದೆ. ನೀವು ಯಾವಾಗ ಮಲಗುತ್ತೀರಿ?"

ಪಾರ್ವತಿಯ ಹಿಂದಿ ಅಷ್ಟಕ್ಕಷ್ಟೇ. ಅವಳು ಪರದೆಯ ಹಸಿರು ಗೆರೆಗಳನ್ನು ತೋರಿಸಿದಳು. "ದೋ ಸೇ ಛೇ" ಎಂದಳು, ಎರಡರಿಂದ ಆರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ, ಜೋರಾಗಿಯೇ ಕೇಳಿದೆ, "ರಾತ್ರಿ ಎಲ್ಲಾ ನೀನೇನು ಕಾವಲು ಕೂತಿರ್ತೀಯ?"

"ಕೂತಿರ್ತೀನಿ" ಎಂದಳು. ಅವಳ ದನಿಯೂ ಏರಿತ್ತು. ಇಷ್ಟು ವರ್ಷದಲ್ಲಿ ಅವಳು ಹಾಗೆ ನನ್ನ ಮೇಲೆ ಏರಿಬಂದದ್ದು ನೆನಪಿಲ್ಲ. "ಅತ್ತೆ ಹೇಳಿದ್ದು ನಿಮಗೆ ಚಂದದ ಕಥಿ. ಮಾವ ಸುಖವಾಗಿ ಹೋದ್ರು ಅಂತ. ನನಗೆ ಕೇಳ್ಸಿದ್ದು ಬೇರೆ. ಗೊರಕಿ ನಿಂತಿತು ಅಂತ ಅವ್ರು ಮಲಗಿದ್ರು. ನಾನು ಮಲಗಂಗಿಲ್ಲ. ನಿಮ್ಮ ಗೊರಕಿ ನಿಂತಾಗೆಲ್ಲ ತಿವೀತೀನಿ. ಉಸಿರು ಬಂತು ಅಂದ್ರೆ ಕಣ್ಣು ಮುಚ್ತೀನಿ. ಮತ್ತೆ ನಿಲ್ತೈತೆ. ಹನ್ನೊಂದು ವರ್ಷ ಆತು. ನನಗೂ ಸಾಕಾಗೈತ್ರಿ. ಆ ಮಷೀನ್ ಸುಂಯ್ ಅಂದ್ರೆ ಸಾಕು, ಇನ್ನು ಅದು ನೋಡ್ಕೊಳ್ತೈತೆ ಅಂತ ಮಲಗ್ತೀನಿ. ನಿಮಗೆ ಟೀದ್ದೇ ಚಿಂತಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಷರಾಳ ಹತ್ತಿರ ಆ ರೆಕಾರ್ಡಿಂಗ್ ಇತ್ತು. ಕೊಡು ಎಂದೆ. ಬಾಲ್ಕನಿಯಲ್ಲಿ ಒಬ್ಬನೇ ಕೂತು ಕಿವಿಗೆ ಹಚ್ಚಿಕೊಂಡೆ. ಮೊದಲು ಗೊರಕೆ. ಅಪ್ಪನದೇ ಗೊರಕೆ, ಅದೇ ಏರಿಳಿತ. ನಾಚಿಕೆಯಾಯಿತು. ಆಮೇಲೆ ಅದು ನಿಂತಿತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಫೋನು ಕೆಟ್ಟಿತೇನೋ ಎಂದು ನೋಡಿದೆ, ಓಡುತ್ತಲೇ ಇತ್ತು. ಕಾಯುತ್ತ ಕಾಯುತ್ತ ನನ್ನ ಉಸಿರೂ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬಹಳ ಸಣ್ಣಗೆ ಪಾರ್ವತಿಯ ದನಿ: "ರೀ... ರೀ... ಉಸಿರು ತಗೊಳ್ರಿ... ನಿಮ್ಮಪ್ಪನ ಹಂಗೆ ಮಾಡಬ್ಯಾಡ್ರಿ..." ಒಂದು ಗುದ್ದಿನ ಸದ್ದು. ಗೊರ್ ಎಂದು ನಾನು ತಿರುಗಿ ಬಂದೆ.

ಅಪ್ಪ ಸುಖವಾಗಿ ಹೋಗಲಿಲ್ಲ. ಇಷ್ಟೇ ಹೊತ್ತು ಕಾದಿರಬೇಕು, ಯಾರೂ ತಿವಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ, ಅದೊಂದು ಸಮಾಧಾನ.

ಈಗ ರಾತ್ರಿ ಹತ್ತು. ಮಷೀನನ್ನು ಕುರ್ಚಿಯ ಪಕ್ಕದಿಂದ ಮಂಚದ ಪಕ್ಕಕ್ಕೆ ತಂದಿಟ್ಟಿದ್ದೇನೆ. ಡಾಕ್ಟರಮ್ಮ ಗೆದ್ದಳು ಎಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ನಾಲ್ಕರ ಟೀ ಬೇಕು, ಅಷ್ಟೇ.

ಜನವರಿ 6, ಮಂಗಳವಾರ

ಆರಕ್ಕೆ ಎಚ್ಚರವಾಯಿತು. ಬಚ್ಚಲಿಗೆ ಒಂದು ಸಲವೂ ಎದ್ದಿರಲಿಲ್ಲ. ತಲೆನೋವಿಲ್ಲ. ಮೂಗಿನ ಮೇಲೆ ಮುಖವಾಡದ ಗುರುತು ಬಿದ್ದಿದೆ, ದರಿದ್ರದ್ದು.

ಏಳಾಯಿತು, ಪಾರ್ವತಿ ಏಳಲಿಲ್ಲ. ಎಂಟಾಯಿತು. ಇಷ್ಟು ಹೊತ್ತು ಅವಳು ಮಲಗಿದ್ದನ್ನು ಮದುವೆಯಾದಾಗಿನಿಂದ ನೋಡಿಲ್ಲ. ಗ್ಯಾಸಿನ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಮನೆ ಹಾಗೆ ಮೌನವಾಗಿದ್ದದ್ದು ನನಗೆ ಸರಿಬರಲಿಲ್ಲ. ಒಳಗೆ ಹೋಗಿ, ಬಗ್ಗಿ, ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬರುತ್ತಿತ್ತು. ಬೆಚ್ಚಗೆ, ನಿಧಾನವಾಗಿ. ಕೈ ತೆಗೆದೆ. ಮತ್ತೊಮ್ಮೆ ಇಟ್ಟು ನೋಡಿದೆ.

ಎಂಟೂಕಾಲಿಗೆ ಪತ್ರಿಕೆಯವನು ತಿಂಗಳ ಬಿಲ್ಲು ಹಿಡಿದು ಬೆಲ್ಲು ಒತ್ತಲು ಬೆರಳೆತ್ತಿದ್ದ. ಬಾಗಿಲು ತೆಗೆದು, ಮನೆಯಲ್ಲಿ ಮಲಗಿದವರಿರುತ್ತಾರೆ ಎಂಬ ಜ್ಞಾನ ಬೇಡವೇ ನಿನಗೆ ಎಂದು ಪಿಸುದನಿಯಲ್ಲೇ ಉಗಿದು ಕಳಿಸಿದೆ. ಅಕ್ಷರಾ ಹಾಡು ಹಚ್ಚಲು ಹೋದಳು, ಅವಳಿಗೂ ಆಯಿತು.

ಟೀ ನಾನೇ ಮಾಡಿದೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದಾಳೋ, ಅಡುಗೆಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಎಬ್ಬಿಸಿ ಕೇಳಲಿಲ್ಲ. ಸಕ್ಕರೆ ಇಲ್ಲದೆಯೇ ಕುಡಿದೆ.